ದನಗಳ ಓಡಾಟಕ್ಕೆ ತಡೆ ಬಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ಸಾಲಲ್ಲಿ ನಿಂತವರು, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದವರು, ಕಾಗದ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ, ತಿದ್ದಿಲ್ಲ. ನಾನು ಪಶುವೈದ್ಯನಲ್ಲ. ಹಸು ಸಾಕುವವನು, ಹಾಲಿನ ಸೊಸೈಟಿಯಲ್ಲಿ ಹಲವು ವರ್ಷ ಲೆಕ್ಕ ಬರೆದವನು. ಔಷಧಿ, ಇಂಜೆಕ್ಷನ್ ಮಾತಿಗೆ ನಿಮ್ಮ ಡಾಕ್ಟರನ್ನೇ ಕೇಳಿ. ಇಲ್ಲಿರುವುದು ರಾಸುಗಳ ಓಡಾಟದ ವಿಚಾರ: ಯಾವಾಗ ನಿಲ್ಲಿಸುತ್ತಾರೆ, ಯಾಕೆ ನಿಲ್ಲಿಸುತ್ತಾರೆ, ಆಗ ನಮಗೆ ಉಳಿಯುವ ದಾರಿ ಯಾವುದು.

## ಮೊದಲು ತಿಳಿಯಬೇಕಾದ್ದು

ಕಾಯಿಲೆ ಬಂದಿರೋದು ಪಕ್ಕದ ಊರಿಗೆ. ನಮ್ಮ ದನ ಚೆನ್ನಾಗೇ ಇದೆ. ನಾವ್ಯಾಕೆ ಕಟ್ಟಿ ಹಾಕ್ಕೊಂಡು ಕೂರಬೇಕು?

ಚೆನ್ನಾಗಿ ಕಾಣುವ ದನವೇ ಇಲ್ಲಿ ದೊಡ್ಡ ತಲೆನೋವು. ಕಾಲುಬಾಯಿ ಜ್ವರ ತಗುಲಿದ ಹಸು ಜೊಲ್ಲು ಸುರಿಸೋಕೆ 2ರಿಂದ 14 ದಿನ ಹಿಡಿಯಬಹುದು. ಬಾಯಲ್ಲಿ ಗುಳ್ಳೆ ಏಳುವ ಮುಂಚೆಯೇ ಅದರ ಉಸಿರಲ್ಲಿ, ಹಾಲಲ್ಲಿ ವೈರಸ್ ಹೊರಗೆ ಬರುತ್ತಿರುತ್ತದೆ. ಗಂಟು ರೋಗಕ್ಕೆ, ಅಂದರೆ ನಾವು ಲಂಪಿ ಅನ್ನುವುದಕ್ಕೆ, ಇನ್ನೂ ಜಾಸ್ತಿ ದಿನ. 28 ದಿನದವರೆಗೂ ಕಾಯಬೇಕು ಅಂತ ಲೆಕ್ಕ.

ಸೋಮವಾರ ಸಂತೆಯಲ್ಲಿ ಹಸು ಕೊಂಡಿರಿ ಅಂದುಕೊಳ್ಳಿ. ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಹಾಲೂ ಕೊಡುತ್ತದೆ. ಗುರುವಾರ ಜೊಲ್ಲು ಶುರು. ಆ ಮೂರು ದಿನದಲ್ಲಿ ಅದು ನಿಮ್ಮ ಕೊಟ್ಟಿಗೆಯ ಗೋದಲಿಯಲ್ಲಿ ಬಾಯಿ ಹಾಕಿದೆ, ಊರ ತೊಟ್ಟಿಯಲ್ಲಿ ನೀರು ಕುಡಿದಿದೆ. ಅದನ್ನು ತಂದ ಗಾಡಿ ಆಗಲೇ ಇನ್ನೆರಡು ಊರಿಗೆ ಹೋಗಿ ಬಂದಿದೆ. ಕಾಯಿಲೆ ಕಂಡ ಮೇಲೆ ದನ ನಿಲ್ಲಿಸಿದರೆ ಹೊತ್ತು ಮೀರಿದ ಹಾಗೆ. ಅದಕ್ಕೇ ಸುತ್ತಲಿನ ಆರೋಗ್ಯವಂತ ದನಗಳನ್ನೂ ನಿಲ್ಲಿಸುತ್ತಾರೆ.

ಎಲ್ಲಾ ಕಾಯಿಲೆಗೂ ಹೀಗೆ ತಡೆ ಹಾಕ್ತಾರಾ?

ಇಲ್ಲ. ಕೆಚ್ಚಲು ಬಾವಿಗೋ ಹೊಟ್ಟೆ ಉಬ್ಬರಕ್ಕೋ ಯಾರೂ ಸಂತೆ ನಿಲ್ಲಿಸುವುದಿಲ್ಲ. ದನದಿಂದ ದನಕ್ಕೆ ಬೇಗ ಹರಡುವ ಕಾಯಿಲೆಗಳಿಗೆ ಮಾತ್ರ. ನಮ್ಮ ಕಡೆ ಜಾಸ್ತಿ ಕೇಳಿಬರುವುದು ಕಾಲುಬಾಯಿ ಜ್ವರ, ಗಂಟು ರೋಗ, ಗಂಟಲು ಬಾತುಕೊಳ್ಳುವ ಗಳಲೆ ರೋಗ. ಕುರಿ ಮೇಕೆಗಳಿಗೆ ಪಿಪಿಆರ್, ಸಿಡುಬು. ಹಂದಿಗೆ ಆಫ್ರಿಕನ್ ಹಂದಿ ಜ್ವರ, ಕೋಳಿಗೆ ಹಕ್ಕಿ ಜ್ವರ. ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ, ಲೆಕ್ಕವೇ ಬೇರೆ. ಅದು ಮಣ್ಣಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅಲ್ಲಿ ಬದುಕಿರುವ ದನಕ್ಕಿಂತ ಸತ್ತ ದನದ ಮೇಲೆ ಕಟ್ಟುನಿಟ್ಟು ಜಾಸ್ತಿ. ಕೊಯ್ಯಬಾರದು, ಚರ್ಮ ಸುಲಿಯಬಾರದು.

ಇದು ಗೋಹತ್ಯೆ ಕಾಯ್ದೆನೇ ಅಲ್ವಾ?

ಅಲ್ಲ. ಈ ಗೊಂದಲ ಎಲ್ಲ ಕಡೆ ಇದೆ. ದನ ತುಂಬಿದ ಗಾಡಿಗೆ ಮೂರು ಬೇರೆ ಬೇರೆ ಕಾನೂನು ಲಾಗೂ ಆಗುತ್ತವೆ, ಒಂದರ ಉದ್ದೇಶ ಇನ್ನೊಂದಕ್ಕಿಲ್ಲ.

ರೋಗ ತಡೆಗೆ ಇರುವುದು ಕೇಂದ್ರದ 2009ರ ಕಾಯ್ದೆ, ಪ್ರಾಣಿಗಳಲ್ಲಿ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆ ಅಂತಲೇ ಮಾಡಿದ್ದು. ಗಾಡಿಯಲ್ಲಿ ದನಕ್ಕೆ ಹಿಂಸೆ ಆಗಬಾರದು ಅನ್ನುವುದಕ್ಕೆ 1978ರ ಪ್ರಾಣಿ ಸಾಗಾಟ ನಿಯಮಗಳಿವೆ. ಮೂರನೆಯದು ಜಾನುವಾರು ಹತ್ಯೆ ತಡೆಯುವ ನಮ್ಮ ಕರ್ನಾಟಕದ 2020ರ ಕಾಯ್ದೆ. ಒಂದಕ್ಕೆ ಬೇಕಾದ ಕಾಗದ ಇಟ್ಟುಕೊಂಡು ಇನ್ನೊಂದರಲ್ಲಿ ಸಿಕ್ಕಿಬೀಳುವವರು ಬೇಕಾದಷ್ಟು ಜನ. ಈ ಪುಟದಲ್ಲಿ ಮಾತು ಮೊದಲನೆಯದರ ಮೇಲೆ, ಅಲ್ಲಲ್ಲಿ ಎರಡನೆಯದು ಬರುತ್ತದೆ.

ತಡೆ ಹಾಕೋರು ಯಾರು? ನಮ್ಮ ಊರಿಗೆ ಬಂದಿದೆ ಅಂತ ಗೊತ್ತಾಗೋದು ಹೇಗೆ?

ಅಧಿಕಾರ ರಾಜ್ಯ ಸರ್ಕಾರದ್ದು. ಒಂದು ಪ್ರದೇಶವನ್ನು 'ನಿಯಂತ್ರಿತ ಪ್ರದೇಶ' ಅಂತ ಘೋಷಿಸಿದರೆ ನಿಯಮ ಜಾರಿಗೆ ಬರುತ್ತದೆ. 2022ರಲ್ಲಿ ಲಂಪಿ ಹರಡಿದಾಗ ಜಿಲ್ಲಾಧಿಕಾರಿಗಳ ಹೆಸರಲ್ಲಿ ಆದೇಶಗಳು ಬಂದವು. ಸಂತೆ, ಜಾತ್ರೆ, ದನ ಸಾಗಾಟ ಎಲ್ಲ ನಿಂತವು.

ತಿಳಿಯೋದು ಹೇಗೆ ಅಂದರೆ, ಪಂಚಾಯಿತಿಯಲ್ಲಿ ಡಂಗೂರ ಹಾಕಿಸಬೇಕು, ಡೈರಿಯಲ್ಲಿ ಚೀಟಿ ಅಂಟಿಸಬೇಕು. ನಿಜ ಹೇಳಬೇಕೆಂದರೆ ಎಷ್ಟೋ ಸಲ ಸಂತೆ ಮಾಳಕ್ಕೆ ಹೋದ ಮೇಲೇ ಗೊತ್ತಾಗುತ್ತದೆ. ಗಾಡಿ ಬಾಡಿಗೆ ಕೊಟ್ಟು ಹೋಗಿ ವಾಪಸ್ ಬರುವುದಕ್ಕಿಂತ ಹಿಂದಿನ ದಿನ ಪಶು ಆಸ್ಪತ್ರೆಗೆ ಒಂದು ಫೋನ್ ಮಾಡುವುದು ವಾಸಿ.

ನನ್ನ ಹಸು ಮೈಮೇಲೆ ಗಂಟು ಕಾಣಿಸ್ತಿದೆ. ಹೇಳಿದ್ರೆ ಊರಿಗೆಲ್ಲ ತೊಂದರೆ. ಸುಮ್ನೆ ಇರಲಾ?

ಬೇಡ. ಕಾನೂನಿನ ಪ್ರಕಾರ ಹೇಳಬೇಕಾದ್ದು ನಿಮ್ಮ ಹೊಣೆ. ಗ್ರಾಮದ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಿದರೆ ಅವರು ಹತ್ತಿರದ ಪಶುವೈದ್ಯರಿಗೆ ವರದಿ ಕಳಿಸಬೇಕು. ನೀವೇ ನೇರವಾಗಿ ಪಶು ಆಸ್ಪತ್ರೆಗೆ ಹೇಳಿದರೂ ಆಯಿತು. ಸಂಚಾರಿ ಪಶು ಚಿಕಿತ್ಸಾ ಗಾಡಿ ಕರೆಸೋಕೆ 1962 ನಂಬರಿಗೆ ಫೋನ್ ಮಾಡಿ.

'ಮೊದಲು ಹೇಳಿದವನೇ ಊರಿಗೆ ಕೆಟ್ಟವನಾಗ್ತಾನೆ' ಅನ್ನುವ ಹೆದರಿಕೆ ನನಗೂ ಗೊತ್ತು. ಹಾಲು ತಗೊಳ್ಳಲ್ಲ ಅಂತಾರೆ, ಬಾವಿ ಹತ್ರ ಬರಬೇಡ ಅಂತಾರೆ. ಆದರೆ ಬಚ್ಚಿಟ್ಟರೆ ಲಸಿಕೆ ತಡವಾಗುತ್ತದೆ, ತಡೆಯ ದಿನಗಳು ಇನ್ನೂ ಉದ್ದವಾಗುತ್ತವೆ. ಮುಂದೆ ಪರಿಹಾರ ಕೇಳುವಾಗ ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

## ತಡೆ ಬಿದ್ದ ಮೇಲೆ

ಮೇಯಿಸೋಕೆ ಗೋಮಾಳಕ್ಕೆ ಹೊಡ್ಕೊಂಡು ಹೋಗಬಹುದಾ? ಕೆರೆಗೆ ನೀರಿಗೆ ಬಿಡಬಹುದಾ?

ಕಾಯಿಲೆ ಬಂದ ದನವನ್ನು, ಅನುಮಾನ ಇರುವ ದನವನ್ನು ಖಂಡಿತ ಬಿಡಬಾರದು. ಅದನ್ನು ಬೇರೆ ಕಟ್ಟಬೇಕು, ಎಲ್ಲರ ದನ ಮೇಯುವ ಕಡೆ, ನೀರು ಕುಡಿಯುವ ಕಡೆ ತರಬಾರದು ಅಂತ ಕಾಯ್ದೆಯಲ್ಲೇ ಇದೆ. ಕೆರೆ, ಹೊಳೆ, ಊರ ತೊಟ್ಟಿ ಎಲ್ಲ ಸೇರಿತು.

ಆರೋಗ್ಯವಾಗಿರುವ ದನಕ್ಕೆ ನಿಮ್ಮ ಪ್ರದೇಶದ ಆದೇಶ ನೋಡಬೇಕು. ಆದೇಶದಲ್ಲಿ ಇಲ್ಲದಿದ್ದರೂ ಕಾಲುಬಾಯಿ ಇರುವ ಊರಲ್ಲಿ ಮೂರು ವಾರ ಮನೆಯಲ್ಲೇ ಮೇವು ಹಾಕಿ. ಬೇಸಿಗೆಯಲ್ಲಿ ಮೇವು ಎಲ್ಲಿದೆ ಅಂತ ಕೇಳುತ್ತೀರಿ. ನ್ಯಾಯವೇ. ಅದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಮಂದೆ ಜೊತೆ ಸೇರಿಸದೆ ನಿಮ್ಮ ಹೊಲದ ಬದುವಲ್ಲಿ ಗೂಟ ಹೊಡೆದು ಮೇಯಿಸಿ ಅನ್ನುವುದೊಂದೇ ನಾನು ಕಂಡ ದಾರಿ.

ಹಾಲು ಡೈರಿಗೆ ಹಾಕಬಹುದಾ? ಮಕ್ಕಳು ಕುಡಿಯಬಹುದಾ?

ಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಕಾಯಿಸಿದ ಹಾಲು ಕುಡಿದರೆ ಏನೂ ಆಗದು. 2022ರಲ್ಲಿ ಈ ವಿಷಯದಲ್ಲಿ ಸುಳ್ಳು ಸುದ್ದಿ ಹಬ್ಬಿ ಎಷ್ಟೋ ಮನೆಯವರು ಹಾಲನ್ನೇ ಬಿಟ್ಟರು, ಅದು ಬೇಕಿರಲಿಲ್ಲ.

ಮನುಷ್ಯರಿಗಿಂತ ಕರುವಿನ ಬಗ್ಗೆ ಯೋಚಿಸಿ. ಕಾಲುಬಾಯಿ ಬಂದ ತಾಯಿಯ ಹಾಲಲ್ಲಿ ವೈರಸ್ ಇರುತ್ತದೆ. ಅದು ಎಳೆ ಕರುವಿನ ಹೃದಯಕ್ಕೆ ಹೊಡೆಯುತ್ತದೆ. ಗುಳ್ಳೆ ಗಿಳ್ಳೆ ಏನೂ ಕಾಣದೆ ಕರು ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತದೆ. 'ಹಾಲು ಕುಡೀತಾ ಕುಡೀತಾ ಬಿತ್ತು' ಅಂತ ಜನ ಹೇಳುವುದು ಇದನ್ನೇ. ಇನ್ನು ಡೈರಿ ವಿಷಯ. ಕಾಯಿಲೆ ಇರುವ ರಾಸಿನ ಹಾಲು ಹಾಕುವ ಮುಂಚೆ ಡಾಕ್ಟರನ್ನು ಕೇಳಿ. ಕ್ಯಾನಿನ ಹೊರಮೈ ತೊಳೆಯದೆ ತರಬೇಡಿ. ಸಾಲಲ್ಲಿ ಎಲ್ಲರ ಕ್ಯಾನು ಒಂದೇ ಕಟ್ಟೆ ಮೇಲೆ ಕೂರುತ್ತವೆ, ಆಮೇಲೆ ಎಲ್ಲರ ಕೊಟ್ಟಿಗೆಗೆ ವಾಪಸ್ ಹೋಗುತ್ತವೆ.

ಹಸು ಬೆದೆಗೆ ಬಂದಿದೆ. ಪಕ್ಕದೂರ ಹೋರಿ ಹತ್ರ ಹೊಡ್ಕೊಂಡು ಹೋದ್ರೆ ಅದೂ ಸಾಗಾಟನಾ?

ಹೌದು, ಅದೂ ಓಡಾಟವೇ. ಅದರಲ್ಲೂ ಅಪಾಯದ ಓಡಾಟ. ಆ ಹೋರಿಯ ಹತ್ರ ಆ ವಾರ ಎಷ್ಟು ಹಸು ಬಂದಿದ್ದವೋ ಯಾರಿಗೆ ಗೊತ್ತು? ಗಂಟು ರೋಗದ ವೈರಸ್ ಹೋರಿಯ ವೀರ್ಯದಲ್ಲೂ ಸಿಗುತ್ತದೆ. ಕೃತಕ ಗರ್ಭಧಾರಣೆ ಮಾಡಿಸಿ. ಬರುವವರು ಕೊಟ್ಟಿಗೆಗೆ ಕಾಲಿಡುವ ಮುಂಚೆ ಬೂಟು ತೊಳೆಯೋಕೆ ಒಂದು ಬಕೆಟ್ ಇಡಿ. ಸಂಕೋಚ ಪಡಬೇಡಿ, ಅವರು ಬೆಳಿಗ್ಗೆಯಿಂದ ಹತ್ತು ಕೊಟ್ಟಿಗೆ ಸುತ್ತಿ ಬಂದಿರುತ್ತಾರೆ. ಒಂದು ತಿಂಗಳ ಬೆದೆ ತಪ್ಪಿದರೂ ನಷ್ಟ ಸಣ್ಣದು.

ಮಗಳ ಮದುವೆ ಇಟ್ಕೊಂಡಿದ್ದೀನಿ. ಎತ್ತು ಮಾರಲೇಬೇಕು. ಏನಾದ್ರೂ ದಾರಿ ಇದೆಯಾ?

ಇದೆ, ಕಿರಿದು. ನಿಯಂತ್ರಿತ ಪ್ರದೇಶದಲ್ಲಿ ಓಡಾಟ ನಿಷೇಧಿಸಿದಾಗಲೂ ಕಾಯ್ದೆ ಎರಡು ಬಾಗಿಲು ತೆರೆದಿಟ್ಟಿದೆ. ಲಸಿಕೆ ಹಾಕಿಸೋಕೆ ಹತ್ತಿರದ ಜಾಗಕ್ಕೆ ಕರೆದೊಯ್ಯಬಹುದು. ಲಸಿಕೆಯ ಸರಿಯಾದ ಪ್ರಮಾಣಪತ್ರ ಜೊತೆಗಿದ್ದು, ದನದ ಮೇಲೆ ಗುರುತೂ ಇದ್ದರೆ ಸಾಗಿಸಬಹುದು. ಆದರೆ ಸಂತೆ, ಜಾತ್ರೆಗೇ ನಿಷೇಧ ಇದ್ದರೆ ಅಲ್ಲಿಗೆ ಒಯ್ಯುವ ಹಾಗಿಲ್ಲ. ಕೊಳ್ಳುವವರೇ ನಿಮ್ಮ ಮನೆಗೆ ಬಂದು ನೋಡಿ, ವ್ಯಾಪಾರ ಕುದುರಿಸಿ, ಕಾಗದ ಆದ ಮೇಲೆ ಒಯ್ಯಬೇಕು. ಹೊರಡುವ ಮುಂಚೆ ನಿಮ್ಮ ಪಶುವೈದ್ಯಾಧಿಕಾರಿಯ ಮಾತು ಕೇಳಿ. ಜಿಲ್ಲೆಯ ಆದೇಶ ಇದಕ್ಕಿಂತ ಬಿಗಿ ಇರಬಹುದು.

ಇಂಥ ಹೊತ್ತಲ್ಲಿ ದಲ್ಲಾಳಿಗಳು ಮನೆ ಬಾಗಿಲಿಗೇ ಬರುತ್ತಾರೆ. 'ಸಂತೆ ಇಲ್ಲ, ಯಾರು ತಗೋತಾರೆ' ಅಂತ ಅರ್ಧ ಬೆಲೆಗೆ ಕೇಳುತ್ತಾರೆ. ತಡೆಯ ಪೂರ್ತಿ ಭಾರ ಮಾರುವವನ ತಲೆ ಮೇಲೆ ಬೀಳುತ್ತದೆ. ನನ್ನ ಪ್ರಕಾರ ಈ ನಿಯಮದ ದೊಡ್ಡ ಕೊರತೆ ಇದೇ. ಸತ್ತ ದನಕ್ಕೆ ಪರಿಹಾರ ಕೊಡುವ ಯೋಚನೆ ಇದೆ, ಮಾರಲಾಗದೆ ಉಳಿದ ದನಕ್ಕೆ ಇಲ್ಲ. ರಾತ್ರಿ ಹೊತ್ತು ಕಳ್ಳದಾರಿಯಲ್ಲಿ ದನ ಹೊಡೆಯುವವರೆಲ್ಲ ಕೆಟ್ಟವರಲ್ಲ, ಸಾಲಗಾರರೂ ಇರುತ್ತಾರೆ.

ಜಾತ್ರೆ ಯಾಕೆ ನಿಲ್ಲಿಸ್ತಾರೆ? ನೂರಾರು ವರ್ಷದಿಂದ ನಡೆದು ಬಂದಿದೆ, ದೇವರ ಕೆಲಸಕ್ಕೂ ಅಡ್ಡಿನಾ?

ಪೂಜೆ, ತೇರು ನಿಲ್ಲಿಸಿ ಅಂತ ಈ ಕಾಯ್ದೆ ಹೇಳುವುದಿಲ್ಲ. ದನ ಸೇರಿಸಬೇಡಿ ಅನ್ನುತ್ತದೆ. 2022ರ ಕೊನೆಯಲ್ಲಿ ದೊಡ್ಡಬಳ್ಳಾಪುರದ ಹತ್ರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಿಷೇಧ ಬಿದ್ದಾಗ ರೈತರಿಗೆ ಸಿಟ್ಟು ಬಂದಿದ್ದು ಸಹಜ. ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿ ಸಾಕಿದ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯನ್ನು ತೋರಿಸುವ ಜಾಗವೇ ಅದು.

ಆದರೆ ದನದ ಜಾತ್ರೆಯಲ್ಲಿ ಒಂದು ಗಂಟೆ ನಿಂತು ನೋಡಿ. ಹೆಗಲ ಮೇಲೆ ಟವೆಲ್ ಹಾಕಿದ ಹಿರಿಯರೊಬ್ಬರು ಬರುತ್ತಾರೆ. ಸುಳಿ ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ. ಆಮೇಲೆ ಎತ್ತಿನ ಮೂಗುದಾರ ಹಿಡಿದು, ಎಡಗೈಯಲ್ಲಿ ತುಟಿ ಸರಿಸಿ, ಬಲಗೈ ಬೆರಳು ಬಾಯಿಗೇ ಹಾಕಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ. ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದಿನ ಜೋಡಿಗೆ ಹೋಗುತ್ತಾರೆ. ಒಂದು ಬೆಳಿಗ್ಗೆಗೆ ಇಪ್ಪತ್ತು ಮೂವತ್ತು ಬಾಯಿ. ಕಾಲುಬಾಯಿ ಜ್ವರದ ವೈರಸ್ ಎಲ್ಲಕ್ಕಿಂತ ಜಾಸ್ತಿ ಇರುವುದು ಆ ಗುಳ್ಳೆಯಲ್ಲಿ, ಆ ಜೊಲ್ಲಲ್ಲಿ. ಆ ಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು ಅದೇ ಕೈಯಲ್ಲಿ. ಜಾತ್ರೆ ಮುಗಿದ ಸಂಜೆ ಆ ಎತ್ತುಗಳು ಐದಾರು ಜಿಲ್ಲೆಗೆ ಹಂಚಿಹೋಗುತ್ತವೆ. ನನಗೂ ಜಾತ್ರೆ ಇಷ್ಟ. ಆದರೂ ರೋಗ ಇರುವ ವರ್ಷ ನಿಲ್ಲಿಸುವುದೇ ಸರಿ.

ದನ ಸತ್ತೇ ಹೋಯ್ತು. ಪರಿಹಾರ ಸಿಗುತ್ತಾ?

ರೋಗ ನೋಡಿ, ಆ ವರ್ಷದ ಆದೇಶ ನೋಡಿ ಹೇಳಬೇಕು. 2022ರಲ್ಲಿ ಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಅಂತ ರಾಜ್ಯ ಸರ್ಕಾರ ಘೋಷಿಸಿತ್ತು. ಲಕ್ಷ ರೂಪಾಯಿ ಕೊಟ್ಟು ಎಚ್‌ಎಫ್ ಅನ್ನುವ ವಿದೇಶಿ ತಳಿಯ ಹಸು ತಂದವರಿಗೆ ಅದು ಯಾವ ಮೂಲೆಗೆ ಅನ್ನಿ. ಆದರೂ ಬಿಡಬೇಡಿ. ಹೂಳುವ ಮುಂಚೆ ಪಶುವೈದ್ಯರಿಗೆ ತಿಳಿಸಿ, ಅವರ ದೃಢೀಕರಣ ಮಾಡಿಸಿ, ದನದ ಕಿವಿಗೆ ಹಾಕಿದ ಹಳದಿ ಓಲೆಯ ಸಂಖ್ಯೆ ಕಾಣುವ ಹಾಗೆ ಫೋಟೊ ತೆಗೆದಿಡಿ. ಹಳ್ಳಕ್ಕೆ, ಕೆರೆಗೆ ಎಸೆಯುವುದು ಅಪರಾಧ. ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಬೇಕು.

ನಿಯಮ ಮುರಿದ್ರೆ ದಂಡ ಎಷ್ಟು?

ಮೊದಲ ಸಲ 1,000 ರೂಪಾಯಿವರೆಗೆ ದಂಡ, ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲು. ಮತ್ತೆ ಮಾಡಿದರೆ 2,000 ದಂಡ ಅಥವಾ ಎರಡು ತಿಂಗಳವರೆಗೆ ಜೈಲು. ಒಂದು ಲೋಡು ದನದ ವ್ಯಾಪಾರ ಮಾಡುವವನಿಗೆ ಇದು ಡೀಸೆಲ್ ಖರ್ಚಿಗಿಂತ ಕಡಿಮೆ.

## ಕೊಳ್ಳುವಾಗ, ತರುವಾಗ

ಹಸು ಕೊಳ್ಳೋ ಮುಂಚೆ ಯಾವ ಕಾಗದ ಕೇಳಬೇಕು?

ಮೊದಲು ಕಿವಿ ನೋಡಿ. ಹಳದಿ ಓಲೆಯಲ್ಲಿ 12 ಅಂಕಿ ಇರುತ್ತವೆ. ಆ ಸಂಖ್ಯೆ ಹಾಕಿದರೆ ಆ ರಾಸಿಗೆ ಯಾವ ಲಸಿಕೆ ಯಾವಾಗ ಬಿತ್ತು ಅನ್ನುವುದನ್ನು ಪಶು ಆಸ್ಪತ್ರೆಯವರು ಕಂಪ್ಯೂಟರಲ್ಲಿ ನೋಡಿ ಹೇಳಬಲ್ಲರು. ಓಲೆ ಕಿತ್ತು ಕಿವಿ ಹರಿದಿದ್ದರೆ ಯಾಕೆ ಅಂತ ಕೇಳಿ. ಮುಳ್ಳುಬೇಲಿಗೆ ಸಿಕ್ಕಿ ಹರಿದಿದ್ದೂ ಇರುತ್ತದೆ, ಬೇಕಂತಲೇ ಕಿತ್ತಿದ್ದೂ ಇರುತ್ತದೆ.

ಆಮೇಲೆ ಲಸಿಕೆಯ ದಿನಾಂಕ. 'ನಿನ್ನೆ ತಾನೇ ಹಾಕಿಸಿದ್ದೀನಿ' ಅಂದರೆ ಅದು ಗುಣವಲ್ಲ, ದೋಷ. ಮೈಯಲ್ಲಿ ಶಕ್ತಿ ಬರೋಕೆ ಎರಡು ಮೂರು ವಾರ ಬೇಕು. ಗಾಡಿಯಲ್ಲಿ ತರುವುದಾದರೆ, ಈ ದನ ಪ್ರಯಾಣಕ್ಕೆ ಸರಿಯಿದೆ, ಅಂಟುರೋಗ ಇಲ್ಲ ಅನ್ನುವ ಪಶುವೈದ್ಯರ ಪ್ರಮಾಣಪತ್ರ 1978ರ ನಿಯಮದಂತೆ ಬೇಕು. ಅದೇ ನಿಯಮದಲ್ಲಿ ಸಾಮಾನ್ಯ ಲಾರಿಗೆ ಆರಕ್ಕಿಂತ ಜಾಸ್ತಿ ದನ ಹಾಕಬಾರದು ಅಂತಲೂ ಇದೆ. ಎಷ್ಟು ಲಾರಿಗಳು ಇದನ್ನು ಪಾಲಿಸುತ್ತವೆ ಅಂತ ರಸ್ತೆ ಬದಿ ನಿಂತು ಎಣಿಸಿದರೆ ಸಾಕು.

ತಂದ ಮೇಲೆ ಬೇರೆ ಕಟ್ಟಿ ಅಂತೀರಿ. ನಮ್ಮನೇಲಿ ಇರೋದೇ ಒಂದು ಕೊಟ್ಟಿಗೆ, ಎಲ್ಲಿ ಕಟ್ಟೋದು?

ನಾನೂ ಹೀಗೇ ಕೇಳಿದ್ದೆ, 2013ರಲ್ಲಿ. ಆ ವರ್ಷ ರಾಜ್ಯದಲ್ಲಿ ಕಾಲುಬಾಯಿ ಜ್ವರ ಜೋರಾಗಿತ್ತು, ಸಾವಿರಾರು ರಾಸು ಸತ್ತವು. ನಾನು ಸಂತೆಯಿಂದ ಎರಡನೇ ಸೂಲಿನ ಒಂದು ಹಸು ತಂದೆ. ಸಂಜೆಯಾಗಿತ್ತು, ಮಳೆ ಬರುವ ಹಾಗಿತ್ತು. ಒಂದು ರಾತ್ರಿಗೆ ಏನಾಗುತ್ತೆ ಅಂತ ಉಳಿದ ನಾಲ್ಕರ ಪಕ್ಕದಲ್ಲೇ ಕಟ್ಟಿದೆ. ಮೂರನೇ ದಿನ ಬೆಳಿಗ್ಗೆ ಅದು ಕಾಲು ಝಾಡಿಸುತ್ತಿತ್ತು, ಬಾಯಿಂದ ದಾರದ ಹಾಗೆ ಜೊಲ್ಲು. ವಾರದೊಳಗೆ ಐದಕ್ಕೂ ಬಂತು. ಒಂದು ಕರು ಸತ್ತಿತು. ಹಳೇ ಹಸುಗಳು ಬದುಕಿದವು, ಆದರೆ ಆ ಸೂಲಿನಲ್ಲಿ ಹಾಲು ಮತ್ತೆ ಮೊದಲಿನಂತಾಗಲಿಲ್ಲ. ಒಂದಕ್ಕೆ ಬಿಸಿಲು ಬಂದರೆ ಸಾಕು, ನಾಯಿಯ ಹಾಗೆ ತೇಕು ಹತ್ತುತ್ತಿತ್ತು. ಪಕ್ಕದ ಮನೆಯವರ ಎರಡು ಹಸುವಿಗೂ ತಗುಲಿತು. ಅವರು ಜಗಳ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಈಗ ಮಾಡುವುದು ಇಷ್ಟು. ಹೊಸ ರಾಸು ಬಂದರೆ ಮನೆ ಹಿಂದಿನ ಹುಣಸೆ ಮರದ ಕೆಳಗೆ ತಗಡು ಹಾಕಿ ಕಟ್ಟುತ್ತೇವೆ. ನಾಲ್ಕು ವಾರ. ಅದಕ್ಕೇ ಬೇರೆ ಬಕೆಟ್, ಬೇರೆ ಹಗ್ಗ. ಮೇವು, ಹಾಲು ಕರೆಯುವುದು ಎಲ್ಲ ಹಳೇ ಹಸುಗಳದ್ದು ಮುಗಿದ ಮೇಲೆ, ಕೊನೆಗೆ ಅದರದ್ದು. ಕೈಕಾಲು ತೊಳೆಯದೆ ಕೊಟ್ಟಿಗೆಗೆ ವಾಪಸ್ ಬರುವಂತಿಲ್ಲ. ಕೊಟ್ಟಿಗೆ ಒಂದೇ ಇದ್ದರೆ ಮರ ನೋಡಿ, ಮರ ಇಲ್ಲದಿದ್ದರೆ ಹೊಲದ ಪಂಪ್‌ಸೆಟ್ ಶೆಡ್ಡು ನೋಡಿ. ಸಿಕ್ಕೇ ಸಿಗುತ್ತದೆ.

ಗಾಡಿ ನೀರಲ್ಲಿ ತೊಳೆದ್ರೆ ಸಾಕಾ?

ಸಾಲದು, ಆದರೆ ಅಲ್ಲಿಂದಲೇ ಶುರು. ಸಗಣಿ ಮೆತ್ತಿದ ಹಲಗೆ ಮೇಲೆ ಎಂಥ ಔಷಧಿ ಹೊಡೆದರೂ ಒಳಗೆ ಇಳಿಯುವುದಿಲ್ಲ. ಮೊದಲು ಉಜ್ಜಿ ತೊಳೆಯಬೇಕು. ಆಮೇಲೆ ಕಾಲುಬಾಯಿ ವೈರಸ್‌ಗೆ ವಾಷಿಂಗ್ ಸೋಡಾ ನೀರು ಸಾಕು, 100 ಲೀಟರ್ ನೀರಿಗೆ 4 ಕೆ.ಜಿ. ಲೆಕ್ಕ. ಅಂಗಡಿಯಲ್ಲಿ ಸಿಗುವ ಅಡುಗೆ ಸೋಡಾ ಬೇರೆ, ಅದು ಬೇಡ. ಬಾಡಿಗೆ ಪಿಕಪ್ ಆದರೆ ದನ ಹತ್ತಿಸುವ ಮುಂಚೆ ತೊಳೆಸಿ. ಇಳಿಸಿದ ಮೇಲೆ ತೊಳೆದರೆ ಲಾಭ ಮುಂದಿನವನಿಗೆ.

## ಕುರಿ, ಹಂದಿ, ಕೋಳಿ

ನಾವು ಕುರಿ ಕಾಯೋರು, ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಇರ್ತೀವಿ. ನಮಗೆ 'ಅಲ್ಲಾಡಬೇಡಿ' ಅಂದ್ರೆ ಹೇಗೆ?

ಈ ನಿಯಮಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಒಂದೇ ಕಡೆ ಗೂಟಕ್ಕೆ ಕಟ್ಟಿದ ದನ. ನಿಮ್ಮಂಥವರಲ್ಲ. ಬೆಳಗಾವಿ ಕಡೆಯ ಕುರುಬರ ಮಂದೆ ಮಳೆ ನೋಡಿಕೊಂಡು ಹೊರಡುತ್ತದೆ. ಅವರ ಹೊಲದಲ್ಲಿ ಎರಡು ರಾತ್ರಿ, ಇವರ ಹೊಲದಲ್ಲಿ ಮೂರು ರಾತ್ರಿ ಕುರಿ ತರುಬಿ ಗೊಬ್ಬರ ಕೊಟ್ಟು ಮುಂದೆ ಸಾಗುತ್ತದೆ. ನಿಂತಲ್ಲೇ ನಿಂತರೆ ಮೇವಿಲ್ಲದೆ ಕುರಿ ಸಾಯುತ್ತವೆ.

ಹಾಗಂತ ಅಪಾಯ ಇಲ್ಲ ಅಂತಲ್ಲ. ಪಿಪಿಆರ್ ಮಂದೆಯಿಂದ ಮಂದೆಗೆ ಬಹಳ ಬೇಗ ಹಬ್ಬುತ್ತದೆ. ಕಣ್ಣು ಮೂಗಲ್ಲಿ ನೀರು, ಬಾಯಿ ಹುಣ್ಣು, ಭೇದಿ, ಆಮೇಲೆ ಸಾವು. ನಿಮಗಿರುವ ದೊಡ್ಡ ಆಸರೆ ಅಂದರೆ ಇದಕ್ಕೆ ಒಳ್ಳೇ ಲಸಿಕೆ ಇದೆ, ಒಮ್ಮೆ ಹಾಕಿಸಿದರೆ ಮೂರು ವರ್ಷ ತಡೆಯುತ್ತದೆ. ಹೊರಡುವುದಕ್ಕೆ ಮೂರು ವಾರ ಮುಂಚೆ ಊರಲ್ಲೇ ಹಾಕಿಸಿ, ಕಾಗದ ತಲೆಯಾಳಿನ ಹತ್ರ ಇಡಿ. ದಾರಿಯಲ್ಲಿ ಕೊಂಡ ಟಗರನ್ನು ಅದೇ ದಿನ ಮಂದೆಗೆ ಬಿಡಬೇಡಿ. ಎರಡು ಮಂದೆ ಒಂದೇ ಹೊಲದಲ್ಲಿ ತಂಗುವುದನ್ನು ರೋಗದ ಸುದ್ದಿ ಇರುವಾಗ ತಪ್ಪಿಸಿ. ಮಂದೆ ಸಾಗುವ ದಾರಿಯ ಪಶು ಆಸ್ಪತ್ರೆಗಳಿಗೆ ಮೊದಲೇ ಹೇಳಿಟ್ಟು ದಾರಿಯಲ್ಲೇ ಲಸಿಕೆ ಕೊಡುವಂತಾದರೆ ಎಷ್ಟೋ ಕೆಲಸ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹಂದಿ, ಕೋಳಿ ಆದ್ರೆ ಕೊಂದೇ ಹಾಕ್ತಾರೆ. ದನಕ್ಕೆ ಹಾಗೆ ಮಾಡಲ್ಲ. ಯಾಕೆ?

ಆಫ್ರಿಕನ್ ಹಂದಿ ಜ್ವರ ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2020ರಲ್ಲಿ, ಈಶಾನ್ಯ ರಾಜ್ಯಗಳಲ್ಲಿ. ಅದಕ್ಕೆ ಚಿಕಿತ್ಸೆ ಇಲ್ಲ, ಬಂದ ಹಂದಿ ಬದುಕುವುದು ಅಪರೂಪ, ಮಾಂಸದಲ್ಲೂ ವೈರಸ್ ಉಳಿಯುತ್ತದೆ. ಹಾಗಾಗಿ ರೋಗ ಕಂಡ ಜಾಗದಿಂದ 1 ಕಿ.ಮೀ. ಒಳಗಿನ ಹಂದಿ ಕೊಲ್ಲುತ್ತಾರೆ, 10 ಕಿ.ಮೀ.ವರೆಗೆ ಕಣ್ಣಿಡುತ್ತಾರೆ. ಹಕ್ಕಿ ಜ್ವರಕ್ಕೂ ಸುಮಾರು ಇದೇ ಅಳತೆ. ಅದು ಮನುಷ್ಯರಿಗೂ ಬರಬಹುದು ಅನ್ನುವ ಭಯ ಬೇರೆ. ಹೀಗೆ ಕೊಂದಿದ್ದಕ್ಕೆ ಪರಿಹಾರ ಇದೆ, ಕೇಂದ್ರ ಅರ್ಧ, ರಾಜ್ಯ ಅರ್ಧ ಹಾಕುತ್ತವೆ. ದನದ ಕಾಲುಬಾಯಿಗೆ, ಲಂಪಿಗೆ ಲಸಿಕೆ ಇದೆ, ಬಹುಪಾಲು ದನ ಗುಣವಾಗುತ್ತವೆ. ಮಿಕ್ಕಿದ್ದು, ನಮ್ಮಲ್ಲಿ ದನ ಕೊಲ್ಲಿ ಅಂತ ಆದೇಶ ಹೊರಡಿಸುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ.

## ಇನ್ನೂ ಒಳಹೊಕ್ಕು ಕೇಳಿದವರಿಗೆ

ಲಸಿಕೆ ಹಾಕಿಸಿದ್ದೀವಲ್ಲ, ಮತ್ತೆ ತಡೆ ಯಾಕೆ?

ಕಾಲುಬಾಯಿ ಒಂದೇ ವೈರಸ್ ಅಲ್ಲ. ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಅಂತ ಮೂರು ಬಗೆ ಓಡಾಡುತ್ತವೆ. ಲಸಿಕೆಯಲ್ಲಿ ಮೂರೂ ಇರುತ್ತವೆ, ಆದರೆ ಅದರ ಶಕ್ತಿ ಆರು ತಿಂಗಳಿಗೆ ಇಳಿಯುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ. ಊರಲ್ಲಿ ನೂರು ದನ ಇದ್ದರೆ ಲಸಿಕೆಯ ದಿನ ಒಂದಿಷ್ಟು ಮೇಯೋಕೆ ಹೋಗಿರುತ್ತವೆ, ಒಂದಿಷ್ಟು ತುಂಬು ಗಬ್ಬ ಅಂತ ಬಿಟ್ಟಿರುತ್ತಾರೆ, 'ಹಾಲು ಕಡಿಮೆ ಆಗುತ್ತೆ' ಅಂತ ಹಾಕಿಸದವರೂ ಇರುತ್ತಾರೆ. ಐಸ್ ಪೆಟ್ಟಿಗೆಯಲ್ಲಿ ಬರಬೇಕಾದ ಸೀಸೆ ಬಿಸಿಲಲ್ಲಿ ಕೂತಿದ್ದರೆ ಹಾಕಿದ್ದೂ ಹಾಕದ ಹಾಗೆ.

ಇನ್ನೊಂದು ವಿಷಯ ಕಡಿಮೆ ಜನಕ್ಕೆ ಗೊತ್ತು. ಲಸಿಕೆ ಬಿದ್ದ ದನ ಕಾಯಿಲೆ ಬೀಳದೆಯೇ ವೈರಸ್ಸನ್ನು ಗಂಟಲಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡಿರಬಹುದು. ಹೀಗಾಗಿ ಲಸಿಕೆ, ಓಡಾಟದ ತಡೆ ಎರಡೂ ಜೋಡೆತ್ತಿನ ಹಾಗೆ ನಡೆಯಬೇಕು.

ಲಂಪಿ ಹರಡೋದು ಸೊಳ್ಳೆ, ನೊಣದಿಂದ. ನೊಣಕ್ಕೆ ಚೆಕ್‌ಪೋಸ್ಟ್ ಗೊತ್ತಾ? ದನ ನಿಲ್ಲಿಸಿ ಏನು ಪ್ರಯೋಜನ?

ನನಗೆ ಬಂದ ಪ್ರಶ್ನೆಗಳಲ್ಲೇ ಚುರುಕಾದದ್ದು ಇದು. ಕಚ್ಚುವ ನೊಣ ಒಂದು ದನದ ರಕ್ತ ಹೀರುವಾಗ ಬಾಯಿಗೆ ಅಂಟಿದ ವೈರಸ್ಸನ್ನು ಪಕ್ಕದ ದನಕ್ಕೆ ಚುಚ್ಚುತ್ತದೆ. ಈ ಕೆಲಸ ಹೆಚ್ಚಾಗಿ ಕೊಟ್ಟಿಗೆ ಒಳಗೆ, ಊರ ಒಳಗೆ ನಡೆಯುತ್ತದೆ. ಊರ ಮಟ್ಟಿಗೆ ದನ ನಿಲ್ಲಿಸಿದರೆ ಸಾಲದು ಅನ್ನುವ ನಿಮ್ಮ ಮಾತು ಸರಿ. ಅಲ್ಲಿ ತಿಪ್ಪೆ ಮುಚ್ಚುವುದು, ಹೊಗೆ ಹಾಕುವುದು, ದನದ ಮೈಗೆ ಕಚ್ಚಿದ ಉಣ್ಣೆ ಹುಳ ತೆಗೆಯುವುದೇ ಮದ್ದು.

ಆದರೆ ನೂರಾರು ಕಿಲೋಮೀಟರ್ ಜಿಗಿತ ನೊಣದ ಕೆಲಸವಲ್ಲ. ಈ ರೋಗ ಮೊದಲು ಕಂಡಿದ್ದು 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ. ಭಾರತದಲ್ಲಿ ಗುರುತಿಸಿದ್ದು 2019ರಲ್ಲಿ ಒಡಿಶಾದಲ್ಲಿ. 2022ಕ್ಕೆ ಗುಜರಾತ್, ರಾಜಸ್ಥಾನದಲ್ಲಿ ದನಗಳ ಹೆಣದ ರಾಶಿ ಬಿತ್ತು. ಅಷ್ಟು ದೂರದ ದಾರಿಗೆ ಲಾರಿ ಬೇಕು. ಲಾರಿಯಲ್ಲಿ ದನ, ದನದ ಮೈಮೇಲೆ ಉಣ್ಣೆ, ಸುತ್ತ ನೊಣ, ಎಲ್ಲವೂ ಒಟ್ಟಿಗೆ ಪ್ರಯಾಣ ಮಾಡುತ್ತವೆ. ತಡೆ ಇರುವುದು ಆ ಲಾರಿಗೆ.

5 ಕಿಲೋಮೀಟರ್, 10 ಕಿಲೋಮೀಟರ್, 28 ದಿನ. ಈ ಲೆಕ್ಕ ಎಲ್ಲಿಂದ ತಂದ್ರು?

ದಿನದ ಲೆಕ್ಕ ರೋಗದಿಂದಲೇ ಬಂದಿದ್ದು. ಸೋಂಕು ತಗುಲಿ ಲಕ್ಷಣ ಕಾಣಲು ಹಿಡಿಯುವ ಅತಿ ಹೆಚ್ಚಿನ ಅವಧಿ ತಗೊಳ್ಳುತ್ತಾರೆ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಕಾಲುಬಾಯಿಗೆ 14 ದಿನ, ಪಿಪಿಆರ್‌ಗೆ 21, ಗಂಟು ರೋಗಕ್ಕೆ 28. ಕೊನೆಯ ದನ ಗುಣವಾದ ಮೇಲೂ ಕಾಯಿಸುವುದು ಇದಕ್ಕೇ. ದೂರದ ಲೆಕ್ಕ ಅಷ್ಟು ಗಟ್ಟಿಯಲ್ಲ. ಲಂಪಿಯಲ್ಲಿ ರೋಗದ ಊರಿನ ಸುತ್ತ 5 ಕಿ.ಮೀ. ಲಸಿಕೆಯ ಬೇಲಿ, 10 ಕಿ.ಮೀ. ಒಳಗಿನ ದನದ ಸಂತೆ ಬಂದ್ ಅಂತ ಕೇಂದ್ರದ ಸಲಹೆ ಇತ್ತು. ದನಗಳು ದಿನಕ್ಕೆ ಎಷ್ಟು ದೂರ ಮೇಯುತ್ತವೆ, ಊರುಗಳು ಎಷ್ಟು ಒತ್ತೊತ್ತಾಗಿವೆ, ಎಷ್ಟು ಲಸಿಕೆ ಕೈಯಲ್ಲಿದೆ ಅನ್ನುವುದರ ಮೇಲೆ ಮಾಡಿದ ಅಂದಾಜು ಅದು. ನಕ್ಷೆಯ ಮೇಲೆ ಕೈವಾರದಲ್ಲಿ ಎಳೆದ ಗೆರೆ ಒಂದೊಂದು ಸಲ ಒಂದೇ ಊರನ್ನು ಎರಡು ಮಾಡುತ್ತದೆ. ಆಗ ಗೆರೆಯಾಚೆ ಇರುವವರು ನಗುತ್ತಾರೆ, ಈಚೆ ಇರುವವರು ಬೈಯುತ್ತಾರೆ.

ಬೇರೆ ದೇಶದಲ್ಲೂ ಹೀಗೆ ನಿಲ್ಲಿಸ್ತಾರಾ?

ನಮಗಿಂತ ಬಿಗಿಯಾಗಿ. ಬ್ರಿಟನ್ನಿನ 2001ರ ಕಥೆ ಕೇಳಿ. ಫೆಬ್ರುವರಿ 20ರಂದು ಒಂದು ಕಸಾಯಿಖಾನೆಯ ಹಂದಿಗಳಲ್ಲಿ ಕಾಲುಬಾಯಿ ಜ್ವರ ಖಚಿತವಾಯಿತು. 23ಕ್ಕೆ ಇಡೀ ದೇಶದಲ್ಲಿ ದನಕುರಿಗಳ ಓಡಾಟ ನಿಲ್ಲಿಸಿದರು. ಮೂರೇ ದಿನ ಅನ್ನಿಸುತ್ತದೆ, ಅಲ್ವಾ? ಆದರೆ ಯಾರಿಗೂ ಗೊತ್ತಾಗುವ ಮುಂಚೆಯೇ ಸೋಂಕಿದ ಕುರಿಗಳು ಸಂತೆಯಿಂದ ಸಂತೆಗೆ ಮಾರಾಟವಾಗಿ ದೇಶದ ಉದ್ದಗಲಕ್ಕೆ ಹೋಗಿಯಾಗಿತ್ತು. ಕುರಿಗಳಲ್ಲಿ ಈ ಕಾಯಿಲೆ ಕಣ್ಣಿಗೆ ಬೀಳುವುದೇ ಕಷ್ಟ, ಸ್ವಲ್ಪ ಕುಂಟುತ್ತವೆ ಅಷ್ಟೇ. ಕೊನೆಗೆ 60 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳನ್ನು ಕೊಂದರು.

ಆಮೇಲೆ ಅಲ್ಲಿ ಒಂದು ನಿಯಮ ಬಂತು, ರೋಗ ಇಲ್ಲದ ಕಾಲಕ್ಕೂ ಅನ್ವಯಿಸುವುದು. ಇಂಗ್ಲೆಂಡಿನಲ್ಲಿ ನೀವು ಒಂದು ಹಸುವೋ ಕುರಿಯೋ ಕೊಂಡು ತಂದರೆ ಮುಂದಿನ 6 ದಿನ ನಿಮ್ಮ ಫಾರಂನಿಂದ ದನಕುರಿಗಳು ಹೊರಗೆ ಹೋಗುವಂತಿಲ್ಲ. ನೇರವಾಗಿ ಕಸಾಯಿಖಾನೆಗೆ ಹೋಗುವುದಕ್ಕೆ ವಿನಾಯಿತಿ ಇದೆ. ಹಂದಿ ತಂದರೆ ಅಲ್ಲಿನ ಹಂದಿಗಳಿಗೆ 20 ದಿನ. ಬೆಳಿಗ್ಗೆ ಒಂದು ಸಂತೆಯಲ್ಲಿ ಕೊಂಡು ಮಧ್ಯಾಹ್ನ ಇನ್ನೊಂದರಲ್ಲಿ ಮಾರುವ ವ್ಯಾಪಾರ ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಅದೇ ಎಷ್ಟೋ ಜನರ ಅನ್ನ. ಹಾಗಾಗಿ ಆ ನಿಯಮವನ್ನು ಇಲ್ಲಿಗೆ ಎತ್ತಿ ತಂದು ಇಟ್ಟರೆ ಕಾಗದದ ಮೇಲೇ ಉಳಿಯುತ್ತದೆ. ಆದರೆ ಮನೆಗೆ ಹೊಸ ರಾಸು ಬಂದ ವಾರ ಹಳೇದನ್ನು ಮಾರಬಾರದು ಅನ್ನುವ ಪದ್ಧತಿಯನ್ನು ಒಂದು ಹಾಲಿನ ಸೊಸೈಟಿ ತನ್ನಷ್ಟಕ್ಕೆ ತಾನು ಮಾಡಿಕೊಳ್ಳಬಹುದು.

ಎಷ್ಟು ತಡೆ ಹಾಕಿದ್ರೂ ಕಾಯಿಲೆ ಬರ್ತಾನೇ ಇದೆ. ಯಾವುದಾದ್ರೂ ಒಂದನ್ನ ಪೂರ್ತಿ ಓಡಿಸಿದ್ದೀವಾ?

ಓಡಿಸಿದ್ದೇವೆ. ದೊಡ್ಡರೋಗ, ಡಾಕ್ಟರುಗಳು ರಿಂಡರ್‌ಪೆಸ್ಟ್ ಅನ್ನುವುದು. ಅದು ಬಂತೆಂದರೆ ಊರ ಕೊಟ್ಟಿಗೆಗಳೇ ಖಾಲಿ. ನಮ್ಮಜ್ಜಿ ಅದರ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಒಂದು ವರ್ಷ ಹನ್ನೊಂದು ರಾಸಿನಲ್ಲಿ ಉಳಿದದ್ದು ಎರಡಂತೆ. ಆಗ ಊರಿನವರೇ ದಾರಿಗೆ ಮುಳ್ಳು ಎಳೆದು ಹೊರಗಿನ ದನ ಬಿಡುತ್ತಿರಲಿಲ್ಲವಂತೆ. ಯಾವ ಕಾಯ್ದೆಯೂ ಹೇಳಿರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾಯಿತು, ಈಗಲೂ ಅಲ್ಲಿ ರಾಜ್ಯದ ಪಶು ಲಸಿಕೆಗಳು ತಯಾರಾಗುತ್ತವೆ. ದಶಕಗಟ್ಟಲೆ ಲಸಿಕೆ, ಗಡಿಗಳಲ್ಲಿ ತಪಾಸಣೆ, ಊರೂರು ಹುಡುಕಾಟ ನಡೆದು 2006ರಲ್ಲಿ ಭಾರತ ದೊಡ್ಡರೋಗದಿಂದ ಮುಕ್ತ ಅಂತಾಯಿತು. 2011ರಲ್ಲಿ ಇಡೀ ಜಗತ್ತೇ.

ಈಗ ಕಾಲುಬಾಯಿ ಜ್ವರದ ಸರದಿ. 2019ರಲ್ಲಿ ದೇಶದಾದ್ಯಂತ ಲಸಿಕೆ ಕಾರ್ಯಕ್ರಮ ಶುರುವಾಗಿದೆ. ರೋಗಮುಕ್ತ ವಲಯ ಮಾಡಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಇದು ದೊಡ್ಡರೋಗದಷ್ಟು ಸುಲಭಕ್ಕೆ ಬಗ್ಗುವುದಲ್ಲ. ಅದಕ್ಕೆ ಒಂದು ಲಸಿಕೆ ಹಾಕಿದರೆ ಜೀವಮಾನಕ್ಕೆ ಸಾಕಿತ್ತು, ಇದಕ್ಕೆ ಆರು ತಿಂಗಳಿಗೊಮ್ಮೆ ಬೇಕು. ವಲಯದ ಒಳಗೆ ಬರುವ ಒಂದೊಂದು ದನದ ಕಿವಿಯೋಲೆಯನ್ನೂ ನೋಡಬೇಕಾಗುತ್ತದೆ. ನಮ್ಮೂರ ಪಶು ಆಸ್ಪತ್ರೆಗೆ ಈಚೆಗೆ ಬಂದ ಹುಡುಗಿ ಡಾಕ್ಟರನ್ನು ದೊಡ್ಡರೋಗ ಹೇಗಿರುತ್ತದೆ ಅಂತ ಕೇಳಿದೆ. ಪುಸ್ತಕದಲ್ಲಿ ಫೋಟೊ ನೋಡಿದ್ದೇನೆ ಅಂದರು.